ಗೋಡೆಯ ಮೇಲೆ ಸವೆದ ಕೆಂಪು ಸೀರೆ

ಹೋದ ವರ್ಷದ ಮಾರ್ನಮಿ ಅಮಾವಾಸ್ಯೆಗೆ ಇನ್ನು ಮೂರೇ ದಿನ ಇತ್ತು. ಅವತ್ತು ಮಂಡ್ಯದ ಒಂದು ಫೋಟೋ ಸ್ಟುಡಿಯೋದಲ್ಲಿ ನಿಂತು ನಾನು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಪಕ್ಕದ ಮೆಡಿಕಲ್ ಸ್ಟೋರಿನವನು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ. ಈಗಲೂ ಆ ರಸ್ತೆಯಲ್ಲಿ ಹೋಗಬೇಕಾದರೆ ನಾನು ಆಚೆ ಬದಿಯಲ್ಲಿ ನಡೆಯುತ್ತೇನೆ. ಕೂಗಾಡಿದ್ದಕ್ಕೆ ನಾಚಿಕೆ ಇದೆ. ಸಿಟ್ಟು ಬಂದಿದ್ದಕ್ಕೆ ಮಾತ್ರ ನಾಚಿಕೆ ಇಲ್ಲ. ಅದು ಬರಬೇಕಾದದ್ದೇ, ತಪ್ಪು ಮನುಷ್ಯನ ಮೇಲೆ ಬಂತು, ಅಷ್ಟೇ.

ನಾನು ಮದ್ದೂರಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬ್ಲೌಸು, ಸೀರೆಗೆ ಫಾಲ್ಸು, ಸೆರಗಿಗೆ ಕುಚ್ಚು. ಬಣ್ಣದ ವಿಷಯದಲ್ಲಿ ನನಗೆ ಜಂಬ ಇದೆ, ಒಪ್ಪಿಕೊಳ್ಳುತ್ತೇನೆ. ನನ್ನ ದಾರದ ಡಬ್ಬಿಯಲ್ಲಿ ಕೆಂಪು ಒಂದರಲ್ಲೇ ಹದಿನೆಂಟು ಉಂಡೆ ಇವೆ, ಒಂದರ ಹಾಗೆ ಇನ್ನೊಂದಿಲ್ಲ. ಗಿರಾಕಿಗಳು ಸೀರೆ ತಂದು ತೋರಿಸಿದರೆ ಸಾಕು, ಮನೆಗೆ ಕಳಿಸಿಬಿಡುತ್ತೇನೆ. ಆಮೇಲೆ ನೆನಪಿನ ಮೇಲೆ ಮಂಡ್ಯಕ್ಕೆ ಹೋಗಿ ಅದಕ್ಕೆ ಹೊಂದುವ ಬ್ಲೌಸ್ ಪೀಸ್ ತರುತ್ತೇನೆ. ಇದುವರೆಗೆ ಯಾರೂ ವಾಪಸ್ಸು ತಂದಿಲ್ಲ. ಬಾಯಿಯೂ ಸ್ವಲ್ಪ ಜೋರು. ಅಳತೆ ಕೊಟ್ಟು ಹೋಗಿ ಆಮೇಲೆ ದಪ್ಪವಾಗಿ ಬಂದು ನನ್ನ ಕತ್ತರಿಯನ್ನು ಬಯ್ಯುವವರನ್ನು ನಾನು ಸುಮ್ಮನೆ ಬಿಡುವುದಿಲ್ಲ.

ಈ ಬಾಯಿಗಾಗಿ ಚಿಕ್ಕಂದಿನಿಂದ ನಾನು ಕೇಳಿದ ಮಾತು ಒಂದೇ. ನಾನು ದನಿ ಏರಿಸಿದಾಗಲೆಲ್ಲ ಅಪ್ಪ ಹೇಳುತ್ತಿದ್ದರು, "ಯಾರಂಗೆ ಉಟ್ಟಿದ್ದೀಯೋ ಕಾಣೆ ಕಣವ್ವ. ನಿಮ್ಮವ್ವ ಅಸುವಿನಂಥೋಳು." ಹಸುವಿನ ಹಾಗೆ ಸಾಧು ಅಂತ.

ಅವ್ವ ಹೇಗಿದ್ದಳೋ ನನಗೆ ಗೊತ್ತಿಲ್ಲ. ನನಗೆ ಮೂರು ವರ್ಷವಾಗಿದ್ದಾಗ ಕಾಮಾಲೆಯಾಗಿ ತೀರಿಕೊಂಡಳು. ಅವಳ ದನಿ ನೆನಪಿಲ್ಲ, ಮೈಯ ವಾಸನೆ ನೆನಪಿಲ್ಲ. ನನಗೆ ಗೊತ್ತಿದ್ದ ಅವ್ವ ಗೋಡೆಯ ಮೇಲಿನವಳು, ವರ್ಷಕ್ಕೆ ಒಂದು ಸಲ ಬರುವವಳು.

ಅದು ಹೇಗೆ ಅಂತ ಹೇಳಬೇಕು. ಅಪ್ಪ ಆಗ ಕೃಷಿ ಕಚೇರಿಯಲ್ಲಿ ಕೆಲಸದಲ್ಲಿದ್ದರು. ನಾವಿದ್ದದ್ದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ. ಭತ್ತಕ್ಕೆ ಬರುವ ರೋಗಗಳನ್ನು ಗದ್ದೆಯಲ್ಲೇ ಫೋಟೋ ತೆಗೆದು, ಊರೂರಿಗೆ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗಿ, ಶಾಲೆಯ ಗೋಡೆಯ ಮೇಲೆ ರೈತರಿಗೆ ತೋರಿಸುವುದು ಅಪ್ಪನ ಕೆಲಸ. ಆ ಫೋಟೋಗಳು ಕಾಗದದ ಮೇಲಿನವಲ್ಲ, ಸ್ಲೈಡುಗಳು. ಈಗಿನ ಮಕ್ಕಳಿಗೆ ಸ್ಲೈಡು ಗೊತ್ತಿಲ್ಲ. ಬೆಂಕಿಪೊಟ್ಟಣದಷ್ಟಿರುವ ರಟ್ಟಿನ ಚೌಕಟ್ಟು, ಅದರ ಮಧ್ಯೆ ಬಣ್ಣದ ಫಿಲ್ಮಿನ ಒಂದು ತುಂಡು. ಹಿಂದಿನಿಂದ ಬೆಳಕು ಬಿಟ್ಟರೆ ಗೋಡೆಯ ತುಂಬ ಚಿತ್ರ. ಆ ಫಿಲ್ಮನ್ನು ತೊಳೆಸಲು ಪೋಸ್ಟಿನಲ್ಲಿ ಬೊಂಬಾಯಿಗೆ ಕಳಿಸಬೇಕಿತ್ತಂತೆ. ಒಮ್ಮೆ ರೋಲಿನ ಕೊನೆಯಲ್ಲಿ ಎರಡು ಫೋಟೋ ಉಳಿದಿದ್ದವು. ಅವನ್ನು ಮುಗಿಸಿದರೆ ತಾನೇ ಬೊಂಬಾಯಿಗೆ ಕಳಿಸುವುದು. ಗದ್ದೆಗೆ ಬುತ್ತಿ ತಂದಿದ್ದ ಅವ್ವನನ್ನು ಬದುವಿನ ಮೇಲೆ ನಿಲ್ಲಿಸಿ ಅಪ್ಪ ಆ ಎರಡನ್ನು ಮುಗಿಸಿದರು. ಒಂದು ಚೆನ್ನಾಗಿ ಬಂತು, ಇನ್ನೊಂದು ಕೆಟ್ಟುಹೋಯಿತು ಅಂತ ನನಗೆ ಹೇಳಿದ್ದರು.

ನಮ್ಮ ಕಡೆ ಮಾರ್ನಮಿ ಅಮಾವಾಸ್ಯೆ ಅಂದರೆ ಹಿರಿಯರ ಹಬ್ಬ. ತೀರಿಕೊಂಡವರಿಗೆ ಇಷ್ಟವಾಗಿದ್ದ ಅಡುಗೆಯನ್ನೆಲ್ಲ ಮಾಡಿ ಬಾಳೆಲೆಗೆ ಬಡಿಸುತ್ತೇವೆ. ಕಳಸದ ಪಕ್ಕದಲ್ಲಿ ಅವರಿಗೆಂದು ತಂದ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಎಲ್ಲರೂ ಕೋಣೆಯಿಂದ ಆಚೆ ಬಂದು ಬಾಗಿಲು ಮುಚ್ಚುತ್ತೇವೆ. ಒಳಗೆ ಅವರು ಬಂದು ಉಂಡು ಹೋಗುತ್ತಾರೆ ಅನ್ನುವುದು ನಂಬಿಕೆ. ಅವರದು ಆದಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನಾವು ಉಣ್ಣುವುದು. ಎಡೆಗೆ ಇಟ್ಟ ಸೀರೆಯನ್ನು ಮನೆಯ ಹೆಣ್ಣುಮಗಳು ಉಡುತ್ತಾಳೆ.

ಅವ್ವ ತೀರಿಕೊಂಡ ವರ್ಷ ಎಡೆಯ ಮುಂದೆ ಇಡಲು ಮನೆಯಲ್ಲಿ ಅವಳದೊಂದು ಫೋಟೋ ಇರಲಿಲ್ಲ. ಅಪ್ಪ ಕಚೇರಿಯ ಪ್ರೊಜೆಕ್ಟರನ್ನು ಮನೆಗೆ ತಂದು, ಎಡೆ ಇಟ್ಟ ಕೋಣೆಯ ಸುಣ್ಣದ ಗೋಡೆಯ ಮೇಲೆ ಅವ್ವನನ್ನು ನಿಲ್ಲಿಸಿದರು. ಅದೇ ಅಭ್ಯಾಸವಾಯಿತು. ಪ್ರತಿ ವರ್ಷ ಸಂಜೆ ದೀಪ ಹಚ್ಚುವ ಹೊತ್ತಿಗೆ ಕಿಟಕಿ ಮುಚ್ಚಿ, ಎಡೆ ಬಡಿಸಿ, ಪ್ರೊಜೆಕ್ಟರ್ ಹಾಕಿ, ಬಾಗಿಲು ಮುಚ್ಚುವುದು. ಬೇರೆಯವರ ಮನೆಯಲ್ಲಿ ಐದು ಹತ್ತು ನಿಮಿಷಕ್ಕೆ ಬಾಗಿಲು ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ಒಂದು ಗಂಟೆ. "ಅವ್ಳು ನಿಧಾನವಾಗಿ ಉಣ್ಣೋಳು, ಬುಡಿ," ಅನ್ನುತ್ತಿದ್ದರು ಅಪ್ಪ. ಒಳಗೆ ಯಾರೂ ಇಲ್ಲದ ಕೋಣೆಯಲ್ಲಿ ಪ್ರೊಜೆಕ್ಟರಿನ ಫ್ಯಾನು ಗೊರ್ ಅನ್ನುವುದು ಕೇಳುತ್ತ ನಾವು ಹಜಾರದಲ್ಲಿ ಹಸಿದು ಕೂತಿರುತ್ತಿದ್ದೆವು. ಮುಂದೆ ಕಚೇರಿಗೆ ಟಿವಿ ಬಂದು ಆ ಪ್ರೊಜೆಕ್ಟರನ್ನು ಹರಾಜು ಹಾಕಿದಾಗ ಅಪ್ಪನೇ ಅದನ್ನು ತೆಗೆದುಕೊಂಡರು. ನಾನು ಮದುವೆಯಾಗಿ ಮದ್ದೂರಿಗೆ ಬಂದೆ. ನಾನೊಬ್ಬಳೇ ಮಗಳು, ಅಪ್ಪ ನಿವೃತ್ತಿಯಾದ ಮೇಲೆ ಅವರನ್ನೂ ಕರೆದುಕೊಂಡು ಬಂದೆ. ಪ್ರೊಜೆಕ್ಟರೂ ಬಂತು, ಹಬ್ಬವೂ ನಮ್ಮ ಮನೆಗೇ ಬಂತು.

ಆ ಗೋಡೆಯ ಮೇಲಿನ ಅವ್ವ ಬದುವಿನ ಮೇಲೆ ನೆಟ್ಟಗೆ ನಿಂತಿರುತ್ತಿದ್ದಳು. ಕೈ ಕಟ್ಟಿಕೊಂಡು, ಕಣ್ಣು ತಗ್ಗಿಸಿ. ಉಟ್ಟಿದ್ದು ಮಾಸಲು ಅರಿಶಿನದ ಬಣ್ಣದ ಸೀರೆ. ಹಣೆಯಲ್ಲಿ ಕುಂಕುಮ ಇರಲಿಲ್ಲ, ಬಿಸಿಲಿನ ಬೆವರಿಗೆ ಅಳಿಸಿರಬೇಕು ಅಂದುಕೊಂಡಿದ್ದೆ. ಮುಖವೂ ಪಿತ್ತ ಹತ್ತಿದವರ ಹಾಗೆ ಸ್ವಲ್ಪ ಹಸಿರಾಗಿ ಕಾಣುತ್ತಿತ್ತು. ಕಾಮಾಲೆ ಆಗಲೇ ಶುರುವಾಗಿತ್ತೇನೋ ಅಂತ ಎಷ್ಟೋ ಸಲ ಸಂಕಟಪಟ್ಟಿದ್ದೇನೆ.

ನಾನು ದುಡಿಯಲು ಶುರು ಮಾಡಿದ ಮೇಲೆ ಎಡೆಗೆ ಸೀರೆ ತರುವುದು ನನ್ನ ಕೆಲಸವಾಯಿತು. ಅವ್ವನಿಗೆ ಆ ಬಣ್ಣ ಇಷ್ಟ ಇತ್ತು ಅಂತ ಪ್ರತಿ ವರ್ಷ ಅರಿಶಿನದ ಸೀರೆಯನ್ನೇ ತಂದೆ. ಅರಿಶಿನ, ಸಾಸಿವೆ, ಚೆಂಡುಹೂವು, ಬಾಳೆಹಣ್ಣಿನ ಸಿಪ್ಪೆ, ಹೀಗೆ ಒಂದೊಂದು ವರ್ಷ ಒಂದೊಂದು ಹಳದಿ. ಆಮೇಲೆ ಅವನ್ನು ನಾನೇ ಉಡಬೇಕು. ನನ್ನ ಮೈಬಣ್ಣಕ್ಕೆ ಹಳದಿ ಒಂಚೂರೂ ಒಪ್ಪುವುದಿಲ್ಲ. ಆದರೂ ಅವ್ವನಿಗೆ ಇಷ್ಟ ಅಂತ ಉಟ್ಟೆ. ನನ್ನ ಬೀರು ತೆಗೆದರೆ ಹಳದಿ ಬಿಟ್ಟು ಬೇರೆ ಬಣ್ಣ ಹುಡುಕಬೇಕು.

ಮೊದಲ ಸಲ ಹಳದಿ ಸೀರೆ ತಂದಾಗ ಕೊಪ್ಪದಿಂದ ಹಬ್ಬಕ್ಕೆ ಬಂದಿದ್ದ ನನ್ನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಸೀರೆಯನ್ನು ಮುಟ್ಟಿ ನೋಡಿ, "ಇದ್ಯಾಕವ್ವ ಅಳದಿ ತಂದೆ? ನಿಮ್ಮವ್ವ ಉಟ್ಟಿದ್ದು ಕೆಂಪು ಕಣವ್ವ," ಅಂದಿದ್ದರು.

ನಾನು ಗೋಡೆಯ ಕಡೆ ಕೈ ತೋರಿಸಿ, ಬಂದ ನೆಂಟರ ಎದುರಿಗೇ, "ಅತ್ತೆ, ನಿಮ್ಮ ಕಣ್ಣಿಗೆ ಪೊರೆ ಬಂದದೆ. ಬಣ್ಣದ ಇಸ್ಯ ನನಗೆ ಬುಡಿ," ಅಂದುಬಿಟ್ಟೆ. ಎಲ್ಲರೂ ನಕ್ಕರು. ಅತ್ತೆ ಆಮೇಲೆ ಆ ಮಾತು ಎತ್ತಲಿಲ್ಲ. ಅಪ್ಪ ಅಲ್ಲೇ ಕೂತಿದ್ದರು, ಅವರೂ ಏನೂ ಹೇಳಲಿಲ್ಲ.

ಕೂಗಾಡಿದ್ದಕ್ಕೆ ಹಿಂದಿನ ವರ್ಷದ ಹಬ್ಬದಲ್ಲಿ ಪ್ರೊಜೆಕ್ಟರಿನ ಬಲ್ಬು ಸುಟ್ಟುಹೋಯಿತು. ಮಂಡ್ಯ, ಮೈಸೂರು ಎಲ್ಲ ಕಡೆ ಕೇಳಿದೆ, ಆ ಬಲ್ಬು ಈಗ ಬರುವುದೇ ಇಲ್ಲವಂತೆ. ಹಾಗಾದರೆ ಸ್ಲೈಡಿನಿಂದ ಒಂದು ದೊಡ್ಡ ಫೋಟೋ ಮಾಡಿಸಿ ಕಟ್ಟು ಹಾಕಿಸಿಬಿಡೋಣ ಅಂತ ಮಂಡ್ಯದ ಸ್ಟುಡಿಯೋಗೆ ಕೊಟ್ಟು ಬಂದೆ. ನಡುವಯಸ್ಸಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ. ಹಳೆಯ ಫಿಲ್ಮುಗಳ ಕೆಲಸವನ್ನು ಈಗಲೂ ಇಷ್ಟಪಟ್ಟು ಮಾಡುತ್ತಾನೆ ಅಂತ ಯಾರೋ ಹೇಳಿದ್ದರು. ಒಂದು ವಾರ ಬಿಟ್ಟು ಬನ್ನಿ ಅಂದ. ಹಬ್ಬಕ್ಕೆ ಮೂರು ದಿನ ಇದ್ದಾಗ ಹೋದೆ.

ಅವನು ಕಂದು ಬಣ್ಣದ ಕಾಗದ ಬಿಚ್ಚಿ ಫೋಟೋ ಮೇಜಿನ ಮೇಲೆ ಇಟ್ಟ. ಬದುವಿನ ಮೇಲೆ ಅವ್ವ ನಿಂತಿದ್ದಳು. ಆದರೆ ಉಟ್ಟಿದ್ದು ಕೆಂಪು ಸೀರೆ. ಹಣೆಯಲ್ಲಿ ದೊಡ್ಡ ಕುಂಕುಮ. ಮುಖ ಗೋಧಿ ಬಣ್ಣ.

"ಇದ್ಯಾರು?" ಅಂದೆ.

"ನಿಮ್ಮ ತಾಯಿಯೋರೇ ಅಕ್ಕ. ಸ್ಲೈಡಲ್ಲಿ ಬಣ್ಣ ಹೋಗಿತ್ತು. ಕಂಪ್ಯೂಟರಲ್ಲಿ ಸರಿ ಮಾಡಿದ್ದೀನಿ," ಅಂದ.

ನನಗೆ ತಲೆಗೆ ಏರಿಬಿಟ್ಟಿತು. "ಸರಿ ಮಾಡು ಅಂತ ನಿನಗೆ ಯಾರು ಯೋಳಿದ್ರು? ನಮ್ಮವ್ವನ ಸೀರೆ ಬಣ್ಣ ಬದಲಾಯ್ಸಕ್ಕೆ ನೀನ್ಯಾವನಪ್ಪ? ನಲವತ್ತು ವರ್ಸದಿಂದ ನೋಡ್ತಾ ಇವ್ನಿ, ಅರಿಸಿನದ ಸೀರೆ ಅದು. ಅಣೆ ಮ್ಯಾಲೆ ಕುಂಕುಮ ಬೇರೆ ಬಳ್ದಿದ್ದೀಯ. ಯಾರೋ ಎಂಗಸ್ನ ಮಾಡಿ ನಮ್ಮವ್ವ ಅಂತ ಕೊಡ್ತೀಯ? ನಾನು ಬಟ್ಟೆ ಒಲಿಯೋಳು. ಬಣ್ಣದ ಇಸ್ಯ ನನಗೆ ಯೋಳಕ್ಕೆ ಬರಬ್ಯಾಡ."

ಇನ್ನೂ ಏನೇನೋ ಅಂದೆ. ಈಗ ಬರೆಯಲು ನಾಚಿಕೆಯಾಗುತ್ತದೆ. ಅವನ ಕೆಲಸವನ್ನು ಬೈದೆ, ಅಂಗಡಿಯನ್ನು ಬೈದೆ, ಕನ್ನಡಕವನ್ನೂ ಬೈದೆ. ಕಾಗದ ಹರಿದುಬಿಡಬೇಕು ಅಂತ ಕೈ ಹಾಕಿದೆ. ಅವನು ಫೋಟೋವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

"ಬಯ್ರಿ ಅಕ್ಕ, ಪರವಾಗಿಲ್ಲ. ಬಯ್ದಾದ್ ಮೇಲೆ ಇದನ್ನ ಒಂದ್ಸಲ ನೋಡ್ಬುಡಿ," ಅಂದ.

ಒಳಗಿನ ಮೇಜಿನಲ್ಲಿ ಬಿಳಿಯ ಗಾಜಿನ ಕೆಳಗೆ ದೀಪ ಉರಿಯುತ್ತಿತ್ತು. ಅದರ ಮೇಲೆ ಅವ್ವನ ಫಿಲ್ಮು ಇತ್ತು. ರಟ್ಟಿನ ಚೌಕಟ್ಟನ್ನು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದ. ದೊಡ್ಡದಾಗಿ ಕಾಣಿಸುವ ಒಂದು ಮಸೂರ ಕೊಟ್ಟು, "ಮಧ್ಯ ನೋಡ್ಬೇಡಿ. ಅಂಚು ನೋಡಿ. ರಟ್ಟು ಮುಚ್ಕೊಂಡಿತ್ತಲ್ಲ, ಆ ಅಂಚು," ಅಂದ.

ಬಗ್ಗಿ ನೋಡಿದೆ. ಅವ್ವನ ಸೀರೆಯ ಕೆಳಗಿನ ನಿರಿಗೆ ಚಿತ್ರದ ಅಂಚಿನವರೆಗೂ ಬಂದಿತ್ತು. ಚಿತ್ರದ ಒಳಗೆಲ್ಲ ಅದೇ ಮಾಸಲು ಹಳದಿ. ಆದರೆ ಕಟ್ಟಕಡೆಯಲ್ಲಿ, ರಟ್ಟಿನ ಅಡಿಯಲ್ಲಿ ಇದ್ದ ನೂಲಿನಷ್ಟು ಅಗಲದ ಜಾಗದಲ್ಲಿ, ಅದೇ ನಿರಿಗೆ ಕೆಂಪಗಿತ್ತು. ಸ್ಕೇಲು ಇಟ್ಟು ಗೆರೆ ಎಳೆದ ಹಾಗೆ, ಗೆರೆಯ ಈಚೆಗೆ ಹಳದಿ, ಆಚೆಗೆ ಕೆಂಪು. ಒಂದೇ ಸೀರೆ, ಒಂದೇ ನಿರಿಗೆ.

ಆ ಕೆಂಪು ನನಗೆ ಗೊತ್ತು. ಕುಂಕುಮಗೆಂಪು. ನನ್ನ ಡಬ್ಬಿಯಲ್ಲಿ ಮೂರನೇ ಸಾಲಿನ ಕೊನೆಯ ಉಂಡೆ. ಮದುವೆಯ ಹೆಣ್ಣುಗಳ ಸೀರೆಗೆ ನಾನು ದಿನಾ ಹಾಕುವ ದಾರ.

"ನಾನು ನನ್ನ ಮನಸ್ಸಿಂದ ಬಣ್ಣ ಹಾಕಿಲ್ಲ ಅಕ್ಕ. ಈ ಅಂಚು ನೋಡ್ಕೊಂಡು ಹೊಂದಿಸಿದ್ದು," ಅಂದ ಅವನು. "ಸ್ಲೈಡಲ್ಲಿ ಎರಡು ಜಾತಿ. ಕೆಲವು ಡಬ್ಬೀಲಿ ಮಡಗಿದ್ರೂ ತಾವಾಗೇ ಕೆಡ್ತವೆ. ಇದು ಅಂಥದ್ದಲ್ಲ. ಕತ್ತಲೇಲಿ ಮಡಗಿದ್ರೆ ನಮ್ಮ ಕಾಲ ಆದ್ರೂ ಇದರ ಬಣ್ಣ ಹಂಗೇ ಇರ್ತದೆ. ಆದ್ರೆ ಪ್ರೊಜೆಕ್ಟರ್ ಬೆಳಕು ಮಾತ್ರ ಇದಕ್ಕೆ ಆಗಿಬರಾಕಿಲ್ಲ. ಕೆಂಪು ಮೊದಲು ಹೋಯ್ತದೆ. ಕುಂಕುಮನೂ ಅದಕ್ಕೇ ಹೋಗಿರೋದು. ಎಷ್ಟೊತ್ತು ತೋರಿಸಿದ್ದೀರಿ ಇದನ್ನ?"

"ವರ್ಷಕ್ಕೆ ಒಂದು ಗಂಟೆ," ಅಂದೆ. "ನಲವತ್ತು ವರ್ಷ."

ಅವನು ಕನ್ನಡಕ ತೆಗೆದು ಒರೆಸಿಕೊಂಡ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು, ನಾನು ತಿರುಗಿ ಬಯ್ಯಬಹುದಿತ್ತು. ಕನ್ನಡಕ ಮತ್ತೆ ಹಾಕಿಕೊಂಡು, "ಇದೇ ರೋಲಿಂದು ತೋರಿಸದೇ ಇರೋ ಸ್ಲೈಡು ಯಾವುದಾದ್ರೂ ಇದ್ಯಾ ಅಕ್ಕ? ಇದ್ರೆ ಬಣ್ಣ ಪಕ್ಕಾ ಗೊತ್ತಾಗ್ತದೆ," ಅಂತ ಕೇಳಿದ.

ಬಸ್ಸು ಹತ್ತಿ ಕೂತ ಮೇಲೆ ನನಗೆ ಮೊದಲು ನನ್ನ ಮೇಲೇ ಸಿಟ್ಟು ಬಂತು. ಕಣ್ಣು ಕಣ್ಣು ಅಂತ ಊರೆಲ್ಲ ಜಂಬ ಕೊಚ್ಚಿಕೊಂಡವಳು ನಾನು. ಹೆತ್ತವ್ವನ ಸೀರೆಯ ಬಣ್ಣ ವರ್ಷ ವರ್ಷವೂ ಒಂದೊಂದು ಎಳೆ ಹೋಗುತ್ತಿದ್ದರೆ ಗೊತ್ತಾಗಲಿಲ್ಲ. ಪಕ್ಕ ಪಕ್ಕ ಇಟ್ಟು ನೋಡಲು ಇನ್ನೊಂದು ಇರಲಿಲ್ಲವಲ್ಲ, ಹೇಗೆ ಗೊತ್ತಾಗಬೇಕು. ಗೆಜ್ಜಲಗೆರೆ ದಾಟುವಷ್ಟರಲ್ಲಿ ಸಿಟ್ಟು ಅಪ್ಪನ ಕಡೆ ತಿರುಗಿತು. ನನಗೆ ಗೊತ್ತಾಗಲಿಲ್ಲ ಸರಿ. ಆ ಸೀರೆಯನ್ನು ಎದುರಿಗೆ ನಿಂತು ನೋಡಿದ ಮನುಷ್ಯನಿಗೂ ಗೊತ್ತಾಗಲಿಲ್ಲವೇ? ನಾನು ವರ್ಷ ವರ್ಷ ಹಳದಿ ಸೀರೆ ತಂದು ಇಡುವುದನ್ನು ನೋಡಿಕೊಂಡು ಹೇಗೆ ಕೂತಿದ್ದರು?

ಮನೆಗೆ ಬಂದಾಗ ಅಪ್ಪ ಮಂಚದ ಮೇಲೆ ಪೇಪರ್ ಓದುತ್ತಿದ್ದರು. ಅತ್ತೆ ಕೊಪ್ಪದಿಂದ ಆಗಲೇ ಬಂದು, ಮೊರದಲ್ಲಿ ಕಜ್ಜಾಯದ ಅಕ್ಕಿ ಆರಿಸುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡಲಿಲ್ಲ.

"ಅಪ್ಪ, ಅವ್ವ ಉಟ್ಟಿದ್ದು ಯಾವ ಬಣ್ಣದ ಸೀರೆ?"

ಅಪ್ಪ ಪೇಪರ್ ಕೆಳಗಿಳಿಸಿದರು. ಅತ್ತೆ ಮೊರದಿಂದ ತಲೆ ಎತ್ತದೆ, "ಕೆಂಪು. ನಾನು ಯೋಳಿರ್ನಿಲ್ವಾ? ನನ್ ಕಣ್ಣಿಗೆ ಪೊರೆ ಅಂತ ನೀನಂದೆ," ಅಂದರು.

ಆ ಮಾತು ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ಅಪ್ಪನನ್ನೇ ಹಿಡಿದೆ. "ನಿನಗೆ ಗೊತ್ತಿತ್ತಾ ಇಲ್ವಾ ಅದನ್ನ ಯೋಳು."

"ಗೊತ್ತಿತ್ತು," ಅಂದರು ಅಪ್ಪ. "ಆಪೀಸಿನ ಸ್ಲೈಡೂ ಅಂಗೇಯ. ಸ್ಯಾನೆ ತೋರ್ಸಿದ್ವು ಬೆಳ್ಳಗಾಗವು. ಅದಕ್ಕೇ ಎರಡು ಸೆಟ್ಟು ಮಡಗ್ತಿದ್ದೊ. ಒಂದು ತೋರ್ಸಕ್ಕೆ, ಒಂದು ಡಬ್ಬೀಲಿ."

"ಭತ್ತದ ಬೆಂಕಿ ರೋಗಕ್ಕೆ ಎರಡು ಸೆಟ್ಟು ಮಡಗಿದ್ದೆ," ಅಂದೆ. "ನಮ್ಮವ್ವಂಗೆ ಒಂದು ಮಡಗಕ್ಕೆ ಆಗ್ನಿಲ್ವಾ ನಿನ್ ಕೈಲಿ?"

ನನ್ನ ದನಿಗೆ ಅಂಗಡಿಯಲ್ಲಿ ನನಗಾಗಿ ಕಾಯುತ್ತಿದ್ದ ಗಿರಾಕಿ ಬ್ಲೌಸು ಅಲ್ಲೇ ಬಿಟ್ಟು ಹೋದಳು. ಅಪ್ಪ ಪೇಪರನ್ನು ಮಡಿಸಿ ಪಕ್ಕಕ್ಕೆ ಇಟ್ಟರು.

"ನೀನಾಗ ಮೂರು ವರ್ಸದ ಕೂಸು," ಅಂದರು. "ಬಾಗ್ಲು ಆಕೋ ಮುಂಚೆ ಗ್ವಾಡೆ ತಾವ ಓಗಿ ಅವ್ಳ ಸೆರಗು ಇಡ್ಕೊಳ್ಳಕ್ಕೆ ನೋಡ್ತಿದ್ದೆ. ಮುಂದಿನ ವರ್ಸನೂವೆ. ಅವ್ವ ಯಾವಾಗ ಬತ್ತಾಳೆ ಅಂತ ವರ್ಸೆಲ್ಲ ಕೇಳ್ತಿದ್ದೆ. ಬಣ್ಣ ಓಯ್ತದೆ ಅಂತ ನಿಲ್ಸೋದೆಂಗೆ? ಆಮೇಲೆ ಓಗೇ ಬುಟ್ಟಿತ್ತು. ನೀನು ಅಳದಿ ಸೀರೆ ತಂದು ಕುಸಿಯಾಗಿ ಮಡಗ್ದಾಗ ಏನಂತ ಯೋಳ್ಳಿ?"

ಇದನ್ನು ಕೇಳಿದ ಮೇಲೆ ನನ್ನ ಸಿಟ್ಟು ಇಳಿಯಬೇಕಿತ್ತು. ಯಾರಾದರೂ ಒಳ್ಳೆಯ ಮಗಳಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ನನಗೆ ಇನ್ನೂ ಜಾಸ್ತಿಯಾಯಿತು. ಮೂರು ವರ್ಷದ ಮಗುವಿಗೆ ಹೇಳಲಾಗಲಿಲ್ಲ, ಒಪ್ಪುತ್ತೇನೆ. ಮೂವತ್ತು ವರ್ಷದವಳಿಗೂ ಹೇಳಬಾರದೇ?

"ಇನ್ನೊಂದು ಇತ್ತಲ್ಲ," ಅಂದೆ. "ಕೆಟ್ಟೋಯ್ತು ಅಂದಿದ್ದಲ್ಲ, ಅದೆಲ್ಲದೆ?"

"ಅದು ಚೆಂದಾಗಿ ಬಂದಿರ್ನಿಲ್ಲ ಕಣವ್ವ. ಬ್ಯಾಡ ಬುಡು," ಅಂದರು ಅಪ್ಪ. ಆದರೆ ಹೇಳುವಾಗ ಅವರ ಕಣ್ಣು ಮಂಚದ ಕೆಳಗೆ ಹೋಯಿತು.

ಮಂಚದ ಕೆಳಗೆ ಅವರ ಕಬ್ಬಿಣದ ಟ್ರಂಕು ಇದೆ. ಎಳೆದು ತೆಗೆದೆ. ಕಚೇರಿಯ ಕಾಗದಗಳ ಅಡಿಯಲ್ಲಿ ಒಂದು ತಗಡಿನ ಡಬ್ಬಿ, ಒಳಗೆ ಒಣಗಿ ಪುಡಿಯಾದ ಬೇವಿನೆಲೆ, ಸಾಲಾಗಿ ಜೋಡಿಸಿದ ಸ್ಲೈಡುಗಳು. ಡಬ್ಬಿಯ ಮೇಲೆ ಅಪ್ಪನ ಅಕ್ಷರದಲ್ಲಿ 'ಬೆಂಕಿ ರೋಗ' ಅಂತ ಇತ್ತು. ಇದೇ ಆ ಎರಡನೆಯ ಸೆಟ್ಟು. ಪ್ರತಿ ಸ್ಲೈಡಿನ ರಟ್ಟಿನ ಮೇಲೂ ಊರಿನ ಹೆಸರು, ತಳಿಯ ಹೆಸರು ಬರೆದಿದ್ದರು. ಕಟ್ಟಕಡೆಯ ಒಂದರ ಮೇಲೆ ಮಾತ್ರ ಏನೂ ಬರೆದಿರಲಿಲ್ಲ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಒಂದು ಮೂಲೆಯಲ್ಲಿ ಬೂಷ್ಟಿನ ನಾಲ್ಕು ಚುಕ್ಕಿ ಬಿಟ್ಟರೆ ಅದು ನಿನ್ನೆ ತೆಗೆದ ಹಾಗಿತ್ತು. ಹಿಂದೆ ಭತ್ತದ ಪೈರು ಕಣ್ಣು ಕುಕ್ಕುವಷ್ಟು ಹಸಿರು. ಕೈಯಲ್ಲಿ ಹಸಿರು ಗಾಜಿನ ಬಳೆ. ಕುಂಕುಮಗೆಂಪು ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಮುಖದಲ್ಲಿ ಕಾಮಾಲೆಯೂ ಇಲ್ಲ, ಮಣ್ಣೂ ಇಲ್ಲ, ಬಿಸಿಲಿಗೆ ಕಪ್ಪಗೆ ಹೊಳೆಯುತ್ತಿದ್ದಳು. ಮತ್ತು ಅವಳು ಕೂಗುತ್ತಿದ್ದಳು. ಎಡಗೈ ಸೊಂಟದ ಮೇಲೆ, ಬಲಗೈ ಮುಂದಕ್ಕೆ ಚಾಚಿ, ಬಾಯಿ ತೆರೆದು, ಕಣ್ಣು ಕೆಂಡ ಮಾಡಿಕೊಂಡು ಫೋಟೋ ತೆಗೆಯುವವರನ್ನು ಬೈಯುತ್ತಿದ್ದಳು. ಅವಳು ಕೈ ಚಾಚಿದ ಕಡೆ, ಚಿತ್ರದ ಮೂಲೆಯಲ್ಲಿ, ಉಡಿದಾರ ಬಿಟ್ಟರೆ ಮೈಮೇಲೆ ಬಟ್ಟೆಯಿಲ್ಲದ ಒಂದು ಕೂಸಿನ ಬೆನ್ನು. ಅದರ ಆಚೆಗೆ ನಾಲೆಯ ನೀರು ಹೊಳೆಯುತ್ತಿತ್ತು.

ಅಪ್ಪನೇ ಹೇಳಿದರು.

"ಮೊದಲ್ನೇದು ತೆಗೆದೆ. ಎರಡ್ನೇದಕ್ಕೆ ಕ್ಯಾಮ್ರಾ ಸರಿ ಮಾಡ್ತಿದ್ದೆ. ನೀನು ನಾಲೆ ಕಡೆ ಓಯ್ತಿದ್ದೆ, ನಾನು ಕಾಣ್ನಿಲ್ಲ. ಅವ್ಳು ಕಂಡ್ಲು. ಮಗೀನ ನೋಡು ಅಂತ ಕೂಗ್ಕೊಂಡ್ಲು. ನಾನು ಅವ್ಳು ಪೋಟೋಗೆ ನಾಚ್ಕೊಂಡು ಬಯ್ತಾವ್ಳೆ ಅಂದ್ಕೊಂಡು ಒತ್ತೇ ಬುಟ್ಟೆ. ಅವ್ಳೇ ಓಡೋಗಿ ನಿನ್ನ ಎತ್ಕೊಂಡ್ಲು." ಸ್ಲೈಡಿನ ಕಡೆ ನೋಡದೆ, "ಎಡೆ ಮುಂದೆ ಸಿಟ್ಟಿನ ಮೊಕ ಮಡಗಬಾರ್ದು ಅಂತ ಎತ್ತಿಟ್ಬುಟ್ಟೆ," ಅಂದರು.

"ಎಡೆಗಲ್ಲ. ನಿನಗೆ ನೋಡಕ್ಕಾಗ್ನಿಲ್ಲ," ಅಂದೆ.

ಅಪ್ಪ ಇಲ್ಲ ಅನ್ನಲಿಲ್ಲ.

"ಅಸುವಿನಂಥೋಳು ಅಂತಿದ್ದಲ್ಲ ಅಪ್ಪ. ನಾನು ಬಾಯಿ ತೆಗೆದಾಗೆಲ್ಲ ಅಂತಿದ್ದಲ್ಲ. ನಾನೇನೋ ಈ ಮನೆಗೆ ಉಟ್ಟಬಾರದೋಳು ಉಟ್ಟಿಬುಟ್ಟೆ ಅಂತ ಅಂದ್ಕೊಂಡಿದ್ದೆ ಕಣಪ್ಪ ನಾನು."

ಆಗ ಅತ್ತೆ ಮೊರ ಪಕ್ಕಕ್ಕೆ ಇಟ್ಟು, "ಅವ್ಳಾ ಅಸು? ಅವ್ಳು ಗದ್ದೇಲಿ ಬಾಯಿ ತೆಗೆದ್ರೆ ನಾಲೆ ಆಚೆಗೆ ಕೇಳೋದು. ನಿನಗಿಂತ ಒಂದು ಕೈ ಮೇಲು," ಅಂದರು. ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತು ಅಕ್ಕಿ ಆರಿಸಲು ಕೈ ಹಾಕಿದೆ. ಕಲ್ಲು ಯಾವುದು ಅಕ್ಕಿ ಯಾವುದು ಕಾಣುತ್ತಿರಲಿಲ್ಲ. "ಪೊರೆ ನನಗೇ ಬಂದಿತ್ತು ಅತ್ತೆ," ಅಂದೆ. ಅತ್ತೆ, "ಅಕ್ಕಿ ಚೆಲ್ಲಬ್ಯಾಡ, ಸರಿಯಾಗಿ ಆರ್ಸು," ಅಂದರು.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಆ ಸ್ಲೈಡನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿಕೊಂಡು ಮಂಡ್ಯಕ್ಕೆ ಹೋದೆ. ಸ್ಟುಡಿಯೋದವನು ಗಾಜಿನ ಮೇಲೆ ಇಟ್ಟು ನೋಡಿ, ಒಮ್ಮೆ ಅದರಲ್ಲಿದ್ದ ಅವ್ವನ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. "ನನ್ನ ಅಂದಾಜು ಸರಿಯಾಗೇ ಇತ್ತು ಅಕ್ಕ. ಒಂಚೂರು ಕೆಂಪು ಕಮ್ಮಿ ಹಾಕಿದ್ದೆ," ಅಂದ ಅಷ್ಟೇ. ಒಂದೇ ಸಲ ಸ್ಕ್ಯಾನ್ ಮಾಡಿ ಸಂಜೆಗೇ ಫೋಟೋ ಮಾಡಿಕೊಟ್ಟ. ಕ್ಷಮಿಸು ಅಂತ ಬಾಯಿಬಿಟ್ಟು ಕೇಳಲು ನನಗೆ ಆಗಲಿಲ್ಲ. ಅತ್ತೆ ಕರಿದ ಮೊದಲ ಒಬ್ಬೆ ಕಜ್ಜಾಯವನ್ನು ಎಡೆಗೂ ಮುಂಚೆ ಡಬ್ಬಿಗೆ ಹಾಕಿಸಿಕೊಂಡು ಹೋಗಿದ್ದೆ. ಅದನ್ನು ಅವನ ಮೇಜಿನ ಮೇಲೆ ಇಟ್ಟು ಬಂದೆ.

ಹಬ್ಬದ ದಿನ ಗೋಡೆಯ ಮೇಲೆ ಬೆಳಕು ಬೀಳಲಿಲ್ಲ. ಕಳಸದ ಹಿಂದೆ ಕೂಗುತ್ತಿರುವ ಅವ್ವನ ಫೋಟೋ ಇಟ್ಟೆ, ಮುಂದೆ ಕುಂಕುಮಗೆಂಪು ಸೀರೆ ಇಟ್ಟೆ. ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ ಎಲ್ಲ ಬಡಿಸಿ ಬಾಗಿಲು ಮುಚ್ಚಿದೆವು. ಫ್ಯಾನಿನ ಸದ್ದು ಇಲ್ಲದೆ ಹಜಾರ ಬಿಕೋ ಅನ್ನುತ್ತಿತ್ತು. ಅಪ್ಪ ಅಭ್ಯಾಸದಂತೆ ಒಂದು ಗಂಟೆ ಕಾಯಿಸಲಿಲ್ಲ. ಹತ್ತು ನಿಮಿಷಕ್ಕೆ ತಾವೇ ಎದ್ದು ಬಾಗಿಲು ತಟ್ಟಿದರು. ಒಳಗೆ ಹೋಗಿ ಫೋಟೋದ ಮುಂದೆ ಕೈ ಮುಗಿದು ನಿಂತು, ತಲೆ ಎತ್ತಿ ನೋಡಿದರು.

"ಇನ್ನೂ ಬಯ್ತಾನೇ ಅವ್ಳೆ," ಅಂದರು.

"ಬಯ್ಲಿ ಬುಡು ಅಪ್ಪ. ನಲವತ್ತು ವರ್ಸ ನೀನು ಅವ್ಳ ಬಾಯಿ ಮುಚ್ಚಿಸಿದ್ದೆ," ಅಂದೆ.

ಅವತ್ತು ರಾತ್ರಿ ಊಟಕ್ಕೆ ಕೂರುವಾಗ ಆ ಕೆಂಪು ಸೀರೆ ಉಟ್ಟೆ. ಚೆನ್ನಾಗಿ ಒಪ್ಪಿತು ಅಂತ ಅತ್ತೆ ಹೇಳಿದರು. ಹಳದಿ ಸೀರೆಗಳು ಇನ್ನೂ ಬೀರುವಿನಲ್ಲಿವೆ. ಯಾರಿಗಾದರೂ ಕೊಟ್ಟುಬಿಡೋಣ ಅಂತ ಎರಡು ಸಲ ತೆಗೆದೆ, ಕೈ ಬರಲಿಲ್ಲ.

ಅಪ್ಪನೊಂದಿಗೆ ಮಾತು ಬಿಟ್ಟಿಲ್ಲ. ಕಾಫಿ ಕೊಡುತ್ತೇನೆ, ಮಾತ್ರೆ ಕೊಡುತ್ತೇನೆ. ಆದರೆ ಪೂರ್ತಿ ಕ್ಷಮಿಸಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಸೀರೆಯ ಬಣ್ಣ ಹೋಗಿದ್ದಕ್ಕಿಂತ ಅವ್ವನನ್ನು ಹಸು ಮಾಡಿದ್ದಕ್ಕೆ ನನಗೆ ಹೆಚ್ಚು ಸಿಟ್ಟು. ಕೆಂಪು ತೆಗೆದದ್ದು ಬಲ್ಬು. ಅದು ಬೆಳಕು, ಅದಕ್ಕೇನು ಗೊತ್ತು. ಸಿಟ್ಟು ತೆಗೆದದ್ದು ಅಪ್ಪ, ಗೊತ್ತಿದ್ದೂ ತೆಗೆದರು.

ಆ ಸ್ಲೈಡು ಮತ್ತೆ ತಗಡಿನ ಡಬ್ಬಿಗೆ ಹೋಗಿದೆ, ಬೆಂಕಿ ರೋಗದ ಪಕ್ಕಕ್ಕೆ. ಫೋಟೋ ನನ್ನ ಹೊಲಿಗೆ ಮಿಷನ್ನಿನ ಎದುರಿಗೇ ಇದೆ, ದಿನಾ ನೋಡುತ್ತೇನೆ. ಆದರೆ ಅದು ಕಾಗದ, ಮಂಡ್ಯದಲ್ಲಿ ಮಾಡಿಸಿದ್ದು. ಅವತ್ತು ಅವ್ವನ ಮೇಲೆ ಬಿದ್ದ ಬಿಸಿಲು ನೇರವಾಗಿ ಬಂದು ತಾಗಿದ್ದು ಆ ಫಿಲ್ಮಿನ ತುಂಡಿಗೆ. ಅದನ್ನು ಒಮ್ಮೆ ಕಿಟಕಿಗೆ ಹಿಡಿದು ನೋಡಬೇಕು ಅಂತ ಮಧ್ಯಾಹ್ನದ ಹೊತ್ತು ಎಷ್ಟೋ ಸಲ ಟ್ರಂಕಿನವರೆಗೆ ಹೋಗಿದ್ದೇನೆ. ಒಂದು ನಿಮಿಷ ನೋಡಿದರೆ ಏನೂ ಆಗುವುದಿಲ್ಲ ಅಂತ ಸ್ಟುಡಿಯೋದವನು ಹೇಳಿದ್ದಾನೆ. ಅಪ್ಪನೂ ಮೊದಲ ವರ್ಷ ಹಾಗೇ ಅಂದುಕೊಂಡಿರಬೇಕು. ಮುಚ್ಚಳ ತೆಗೆಯದೆ ವಾಪಸ್ಸು ಬರುತ್ತೇನೆ.

ವಾಪಸ್ಸು ಬಂದಾಗ ಸಿಟ್ಟು ಬರುತ್ತದೆ. ಯಾರಾದರೂ ಗಿರಾಕಿ ಸಿಕ್ಕಿದರೆ ಅವರ ಮೇಲೆ ಹೋಗುತ್ತದೆ, ಇಲ್ಲದಿದ್ದರೆ ಕತ್ತರಿಯ ಮೇಲೆ ಹೋಗುತ್ತದೆ. ಒಳಗಿನಿಂದ ಅಪ್ಪ ಕೇಳಿಸಿಕೊಳ್ಳುತ್ತಾರೆ. ಈಗ ಅವರು, ನಿಮ್ಮವ್ವ ಹಸುವಿನಂಥವಳು ಅನ್ನುವುದಿಲ್ಲ.